ಮುತ್ಯಾ ಇಟ್ಟ ಬಂಧಗಲ್ಲು

ದೀಪಾವಳಿಯ ಪಾಡ್ಯ ಮುಗಿದ ಮರುದಿನ ಅಕ್ಕಲಕೋಟ ತಾಲೂಕಿನ ಹನ್ನೂರ ಗ್ರಾಮದ ಒಂದು ಹಳೆಯ ಮನೆಯ ಪಡಸಾಲೆಯಲ್ಲಿ ಹೊಸ ಮನೆಯ ನಕ್ಷೆ ಹಾಸಿತ್ತು. ಪುಣೆಯಲ್ಲಿ ನೌಕರಿ ಮಾಡುವ ಮಗ ಅದನ್ನು ಬರೆಯಿಸಿ ತಂದಿದ್ದ. ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕುವುದು, ಅದರ ಮೇಲೆ ಇಟ್ಟಿಗೆಯ ಎರಡು ಕೋಣೆ ಎಬ್ಬಿಸುವುದು, ಕೆಳಗಿನ ಕಲ್ಲಿನ ಗೋಡೆಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಳ್ಳುವುದು ಎಂಬುದು ಅವನ ಲೆಕ್ಕ. ಎರಡೂವರೆ ಅಡಿ ದಪ್ಪದ ಗೋಡೆ! ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಅಂಥದನ್ನು ಕೆಡವಿ ಹೊಸದಾಗಿ ಪಾಯಾ ತೋಡುವ ಖರ್ಚು ಯಾರಿಗೆ ಬೇಕು? ಮನೆಯವರೆಲ್ಲ ತಲೆಯಾಡಿಸಿದರು. ಹಿರಿಯರಾದ ಮುತ್ಯಾ ಮಾತ್ರ ಸುಮ್ಮನೆ ಕುಳಿತಿದ್ದರು. ಅರವತ್ತು ದಾಟಿದ ಅವರು ಹದಿನಾರನೆಯ ವಯಸ್ಸಿನಿಂದ ಗೌಂಡಿ ಕೆಲಸ ಮಾಡಿದವರು. ಸುತ್ತಲಿನ ಊರುಗಳಲ್ಲಿ ಅವರು ಕಟ್ಟಿದ ಗೋಡೆಗಳು ಇಂದಿಗೂ ನಿಂತಿವೆ. ಮನೆ ಕಟ್ಟುವ ಮಾತಿನಲ್ಲಿ ಅವರೇ ಮೊದಲು ಬಾಯಿ ತೆರೆಯಬೇಕಿತ್ತು.

ಕನ್ನಡ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ಓದುವ ಮೊಮ್ಮಗಳು ಆ ಹೊತ್ತಿಗೆ ಭೂಗೋಲದ ಪುಸ್ತಕ ಹಿಡಿದುಕೊಂಡು ಬಂದಳು. ಭೂಮಿಯ ಶಿಲಾಪದರಗಳು ಸೀಳಿ ಒಂದರ ಪಕ್ಕದಲ್ಲಿ ಇನ್ನೊಂದು ಜಾರುವ ಸ್ಥಳಕ್ಕೆ ಸ್ತರಭಂಗ ಎನ್ನುತ್ತಾರೆ, ಭೂಕಂಪ ಹುಟ್ಟುವುದು ಅಲ್ಲಿಯೇ ಎಂದು ಅವಳು ಓದಿದ್ದಳು.

"ಮುತ್ಯಾ, ನಮ್ಮ ಮನಿ ಇಂಥಾ ಸ್ತರಭಂಗದಿಂದ ಎಷ್ಟು ದೂರ ಅದ? ಎಷ್ಟು ದೂರ ಇದ್ದರ ಮನಿ ಕಟ್ಟಬಹುದು?"

"ಕಿಲ್ಲಾರಿ ಎಲ್ಲಿ, ನಮ್ಮ ಹನ್ನೂರ ಎಲ್ಲಿ" ಎಂದು ಅವಳ ತಂದೆ ನಕ್ಕ. ಮುತ್ಯಾ ಎದ್ದು ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಹೊರಗೆ ಹೋದರು. ಕಿಲ್ಲಾರಿಯ ಹೆಸರು ಬಂದಾಗಲೆಲ್ಲ ಅವರು ಹೀಗೆಯೇ ಎದ್ದು ಹೋಗುತ್ತಿದ್ದರೆಂಬುದನ್ನು ಮನೆಯವರು ಗಮನಿಸಿದ್ದರು. ಕಾರಣವನ್ನು ಯಾರೂ ಕೇಳಿರಲಿಲ್ಲ.

ರಜೆ ಮುಗಿದ ಮೇಲೆ ಹುಡುಗಿ ಅದೇ ಪ್ರಶ್ನೆಯನ್ನು ಶಾಲೆಗೆ ಒಯ್ದಳು. ಭೂಗೋಲದ ಗುರುಗಳು ಉತ್ತರ ಹೇಳುವುದಕ್ಕೆ ಬದಲಾಗಿ ಒಂದು ಹಗ್ಗ ತರಿಸಿದರು. ಅದನ್ನು 50 ಅಡಿಗೆ ಅಳೆದು, ಒಂದು ತುದಿಯನ್ನು ಧ್ವಜಸ್ತಂಭಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ನಡೆಯಿರೆಂದರು. ಹಗ್ಗ ಅಂಗಳದ ಬೇವಿನ ಮರದ ಹತ್ತಿರ ಬಿಗಿಯಾಯಿತು.

ಗುರುಗಳು ವಿವರಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲಿ ಸ್ಯಾನ್ ಫರ್ನಾಂಡೊ ಭೂಕಂಪವಾಯಿತು. ನೆಲ ಒಡೆದ ಗೆರೆಯ ಮೇಲಿದ್ದ ಮನೆಗಳು ಹರಿದುಹೋದವು. ಮರುವರ್ಷವೇ ಆ ರಾಜ್ಯ ಒಂದು ಕಾಯದೆ ಮಾಡಿತು. ಸುಮಾರು 11,000 ವರ್ಷಗಳ ಒಳಗೆ ಒಮ್ಮೆಯಾದರೂ ಅಲುಗಿದ ಸ್ತರಭಂಗವನ್ನು ಜೀವಂತವೆಂದು ಎಣಿಸಬೇಕು. ಅದರ ಮೇಲೆ ಜನವಾಸದ ಕಟ್ಟಡ ಕಟ್ಟಬಾರದು. ಭೂವಿಜ್ಞಾನಿ ಪರೀಕ್ಷಿಸಿ ಇಲ್ಲವೆಂದು ಸಿದ್ಧಪಡಿಸುವವರೆಗೆ, ಗೆರೆಯಿಂದ 50 ಅಡಿಯೊಳಗಿನ ನೆಲದಲ್ಲಿಯೂ ಅದರ ಕವಲುಗಳಿವೆ ಎಂದೇ ತಿಳಿಯಬೇಕು. ನ್ಯೂಜಿಲೆಂಡ್ ದೇಶದವರು 2003ರಲ್ಲಿ ಇಂಥದೇ ಮಾರ್ಗಸೂಚಿ ಮಾಡಿ 20 ಮೀಟರ್ ಅಂತರ ಹೇಳಿದರು.

ಗೆರೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಬಾವಿ ತೋಡಿದಂತೆ ನೆಲ ತೋಡಿ ತಿಳಿಯಬೇಕು. ಸ್ತರಭಂಗ ಇದೆಯೆಂದು ಅನುಮಾನವಿರುವ ಕಡೆ ಅಡ್ಡಲಾಗಿ ಉದ್ದನೆಯ ಕಂದಕ ತೋಡುತ್ತಾರೆ. ಕಂದಕದ ಬದಿಯಲ್ಲಿ ಮಣ್ಣಿನ ಪದರಗಳು ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ ಕಾಣುತ್ತವೆ. ಯಾವ ಪದರ ತುಂಡಾಗಿ ಮೇಲೆ ಕೆಳಗೆ ಸರಿದಿದೆ, ಯಾವುದು ತುಂಡಾಗದೆ ಅದರ ಮೇಲೆ ಹಾಸಿದೆ ಎಂದು ನೋಡುತ್ತಾರೆ. ಪದರದಲ್ಲಿ ಇದ್ದಿಲಿನ ಚೂರು ಸಿಕ್ಕರೆ ಅದರಲ್ಲಿಯ ಇಂಗಾಲದಿಂದ ಕಾಲವನ್ನು ಲೆಕ್ಕ ಹಾಕುತ್ತಾರೆ. ತುಂಡಾದ ಪದರಕ್ಕಿಂತ ಈಚೆಗೆ, ತುಂಡಾಗದ ಪದರಕ್ಕಿಂತ ಆಚೆಗೆ ನೆಲ ಅಲುಗಿದೆ ಎಂದು ಹೀಗೆ ತಿಳಿಯುತ್ತದೆ.

ತೈವಾನಿನ ಶಾಲೆಯ ಕಥೆ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. 1999ರ ಸೆಪ್ಟೆಂಬರ್ 21ರಂದು ರಾತ್ರಿ 1 ಗಂಟೆ 47 ನಿಮಿಷಕ್ಕೆ ಅಲ್ಲಿ ಭೂಮಿ ನಡುಗಿದಾಗ, ಸ್ತರಭಂಗ ಗ್ವಾಂಗ್‌ಫು ಎಂಬ ಶಾಲೆಯ ಆಟದ ಬಯಲನ್ನು ಹಾಯ್ದುಹೋಯಿತು. ಮಕ್ಕಳು ಓಡುವ ಪಟ್ಟಿಯ ಒಂದು ಭಾಗ ಸುಮಾರು ಎರಡೂವರೆ ಮೀಟರ್ ಮೇಲೆದ್ದಿತು. ರಾತ್ರಿಯಾದ್ದರಿಂದ ಶಾಲೆಯಲ್ಲಿ ಮಕ್ಕಳಿರಲಿಲ್ಲ. ಆ ಮುರಿದ ಬಯಲನ್ನು ಇಂದು ಹಾಗೆಯೇ ಕಾಯ್ದಿಟ್ಟು ವಸ್ತುಸಂಗ್ರಹಾಲಯ ಮಾಡಿದ್ದಾರೆ.

"ಹಾಗಾದರ ನಮ್ಮೂರಾಗ ಹಗ್ಗ ಎಲ್ಲಿ ಕಟ್ಟೂದು, ಸರ್?" ಎಂದು ಹುಡುಗಿ ಕೇಳಿದಳು.

ಗುರುಗಳು ಧ್ವಜಸ್ತಂಭದಿಂದ ಹಗ್ಗ ಬಿಚ್ಚಿ ಸುತ್ತತೊಡಗಿದರು. ಕಟ್ಟಲು ಇಲ್ಲಿ ಗೂಟವೇ ಇಲ್ಲ ಎಂಬುದು ಅವರ ಉತ್ತರವಾಗಿತ್ತು. ನಮ್ಮ ಎರೆಭೂಮಿಯ ಕೆಳಗಿರುವುದು ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಕಲ್ಲು. ಭೂಕಂಪವಾದ ಮೇಲೆ ಕಿಲ್ಲಾರಿಯ ಬಳಿ ಕೊರೆದು ನೋಡಿದಾಗ ಆ ಹೊದಿಕೆ ಸುಮಾರು 340 ಮೀಟರ್ ದಪ್ಪವಿದ್ದುದು ತಿಳಿಯಿತು. ಸೀಳು ಇದ್ದರೂ ಅದು ಆ ಹೊದಿಕೆಯ ಮರೆಯಲ್ಲಿರುತ್ತದೆ. 1993ಕ್ಕೆ ಮೊದಲು ಕಿಲ್ಲಾರಿಯ ಪ್ರದೇಶ ದೇಶದ ಭೂಕಂಪ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. ಅಲ್ಲಿ ಜೀವಂತ ಸ್ತರಭಂಗವಿದೆ ಎಂದು ಯಾವ ನಕ್ಷೆಯೂ ತೋರಿಸಿರಲಿಲ್ಲ. ಆಮೇಲೆ ಭೂವಿಜ್ಞಾನಿಗಳು ಕಿಲ್ಲಾರಿಯಲ್ಲಿಯೂ ಧಾರಾಶಿವ ಜಿಲ್ಲೆಯ ಪುರಾತನ ಊರಾದ ತೇರದಲ್ಲಿಯೂ ನೆಲ ಪರೀಕ್ಷಿಸಿ, ಹಿಂದೆಂದೋ ಭೂಮಿ ಅಲುಗಿದ ಕುರುಹುಗಳನ್ನು ಗುರುತಿಸಿದರು. ಅಪಾಯ ಮೊದಲೂ ಇತ್ತು. ಮನುಷ್ಯರ ನೆನಪಿನಲ್ಲಿ ಇರಲಿಲ್ಲ. 2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಮೊದಲನೆಯ ವಲಯವೆಂಬುದನ್ನೇ ತೆಗೆದುಹಾಕಿ, ಸೊಲ್ಲಾಪುರವನ್ನು ಮೂರನೆಯ ವಲಯದಲ್ಲಿ ತೋರಿಸಿದರು.

ಅವರು ಇನ್ನೂ ಒಂದು ಮಾತು ಹೇಳಿದರು. 50 ಅಡಿಯ ನಿಯಮ ಕಾಯುವುದು ಮನೆಯ ಅಡಿಯಲ್ಲಿ ನೆಲ ಹರಿಯುವ ಅಪಾಯದಿಂದ ಮಾತ್ರ. ನಡುಕ ಬೇರೆ. ನೀರಿಗೆ ಕಲ್ಲು ಹಾಕಿದಾಗ ಎದ್ದ ಅಲೆಯಂತೆ ಅದು ಹತ್ತಾರು ಕಿಲೋಮೀಟರ್ ಹೋಗುತ್ತದೆ. ಅದಕ್ಕೆ 50 ಅಡಿಯೂ ಒಂದೇ, 500 ಅಡಿಯೂ ಒಂದೇ. ಕಿಲ್ಲಾರಿಯಲ್ಲಿ ನೆಲ ಒಡೆದು ಮೇಲೆದ್ದದ್ದು ಹೊಲಗಳಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ, ಒಂದೆರಡು ಅಡಿ ಎತ್ತರಕ್ಕೆ. ಆ ಬಿರುಕಿನೊಳಗೆ ಬಿದ್ದು ಜನ ಸಾಯಲಿಲ್ಲ. ಮಲಗಿದವರ ಮೇಲೆ ಅವರವರ ಮನೆಯ ಗೋಡೆ, ಮಾಳಿಗೆಗಳೇ ಬಿದ್ದವು. ಸತ್ತವರು ಹತ್ತು ಸಾವಿರದ ಸಮೀಪ. ಅಕ್ಕಲಕೋಟದಿಂದ ಕಿಲ್ಲಾರಿಗೆ ನೇರ ದೂರ ಸುಮಾರು 70 ಕಿ.ಮೀ. ಮಾತ್ರ.

"ಅದಕ್ಕೇ, ಸ್ತರಭಂಗ ಎಷ್ಟು ದೂರ ಎಂದು ಕೇಳುವ ಮೊದಲು ನಿಮ್ಮ ಗೋಡೆಯೊಳಗೆ ಏನಿದೆ ಎಂದು ಹಿರಿಯರನ್ನು ಕೇಳಿಕೊಂಡು ಬರ್ರಿ" ಎಂದು ಗುರುಗಳು ಮನೆಪಾಠ ಕೊಟ್ಟರು.

ಅಂದು ಸಂಜೆ ಮುತ್ಯಾ ಕಟ್ಟೆಯ ಮೇಲೆ ಒಬ್ಬರೇ ಇದ್ದರು. ಹುಡುಗಿ ವಹಿ ಮತ್ತು ಪೆನ್ನು ಹಿಡಿದು ಪಕ್ಕದಲ್ಲಿ ಕುಳಿತಳು.

"ನಮ್ಮ ಗ್ವಾಡಿಯೊಳಗ ಏನದ ಮುತ್ಯಾ?"

ಬಹಳ ಹೊತ್ತಿನ ಮೇಲೆ ಅವರು, "ಹುಡಿಗಲ್ಲು, ಮಣ್ಣು" ಎಂದರು. ಅವಳು ಬರೆದುಕೊಂಡಳು. ಅವರು ಮುಂದುವರಿದರು. ಎರಡೂವರೆ ಅಡಿಯ ಗೋಡೆಯೆಂದರೆ ಒಂದು ಗೋಡೆಯಲ್ಲ, ಎರಡು. ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು. ನಡುವಿನ ಸಂದಿಗೆ ಚೂರುಗಲ್ಲು, ಮಣ್ಣು ತುಂಬುತ್ತಾರೆ. ಎರಡು ಸಾಲುಗಳೂ ಒಂದಾಗಬೇಕಾದರೆ ಗೋಡೆಯ ಈ ಮುಖದಿಂದ ಆ ಮುಖದವರೆಗೆ ಮುಟ್ಟುವ ಉದ್ದನೆಯ ಕಲ್ಲು ನಡುನಡುವೆ ಬೀಳಬೇಕು. ಅದೇ ಬಂಧಗಲ್ಲು. ಅದಿಲ್ಲದ ಗೋಡೆ ಜೋರಾಗಿ ನಡುಗಿದರೆ ಹೊರಸಾಲು ಹೊರಗೆ, ಒಳಸಾಲು ಒಳಗೆ ಬೀಳುತ್ತದೆ. ಮೇಲಿನ ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಬಿಳಿ ಮಣ್ಣು ಹಾಕುತ್ತ ಹೋಗುತ್ತಾರೆ. ಅಜ್ಜನ ಕಾಲದಲ್ಲಿ ಒಂದು ಅಡಿ ಇದ್ದ ಮಣ್ಣು ಮೊಮ್ಮಗನ ಕಾಲಕ್ಕೆ ಎರಡು ಅಡಿಯಾಗುತ್ತದೆ. ಅಷ್ಟೂ ಭಾರ ಕೆಳಗೆ ಮಲಗಿದವರ ಮೇಲೆ ಬರುತ್ತದೆ.

"ಇದೆಲ್ಲಾ ನಿನಗ ಹ್ಯಾಂಗ ಗೊತ್ತು?" ಎಂದು ಅವಳು ಕೇಳಿದಳು. ಆಗ ಮುತ್ಯಾ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದರು.

ಅವರ ಅಕ್ಕನನ್ನು ಉಮರ್ಗಾ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು. ಅಕ್ಕನ ಮನೆಯನ್ನು ಕಟ್ಟಿದವರು ಅವರೇ. ಆಗ ಇಪ್ಪತ್ತಮೂರರ ಹರೆಯ. ತಾವೇ ಮುಂದೆ ನಿಂತು ಕಟ್ಟಿದ ಮೊದಲ ಮನೆ ಅದು. ಮಳೆಗಾಲ ಹತ್ತಿರ ಬಂದಿತ್ತು, ಭಾವನಿಗೆ ಅವಸರ. ಉದ್ದ ಕಲ್ಲು ಒಡೆಸಿ ಚಕ್ಕಡಿಯಲ್ಲಿ ತರಿಸಬೇಕೆಂದರೆ ಮತ್ತೆ ಎಂಟು ದಿನ ಬೇಕು, ಖರ್ಚೂ ಬೇರೆ. ನಾಲ್ಕು ಮೂಲೆಗಳಿಗೆ ಆಗುವಷ್ಟು ಉದ್ದ ಕಲ್ಲು ಕೈಯಲ್ಲಿದ್ದವು, ಅಲ್ಲಿ ಇಟ್ಟರು. ಉಳಿದ ಕಡೆ ಚೂರುಗಲ್ಲು ತುಂಬಿ ಮುಖ ಮಾತ್ರ ಚೆಂದ ಮಾಡಿದರು. ಒಳಗೇನಿದೆಯೆಂದು ಯಾರು ನೋಡುತ್ತಾರೆ? ಗೋಡೆಯ ದಪ್ಪ ನೋಡಿ ಊರವರು ಹೊಗಳಿದರು. ತೊಲೆ ಕಂಬಗಳ ಖರ್ಚು ಉಳಿಯಲೆಂದು ಮಾಳಿಗೆಯ ಜಂತಿಗಳನ್ನು ನೇರ ಗೋಡೆಯ ಮೇಲೆಯೇ ಇಟ್ಟರು.

1992ರ ಮಳೆಗಾಲದಿಂದ ಕಿಲ್ಲಾರಿಯ ಸುತ್ತ ನೆಲ ಆಗಾಗ ಸಣ್ಣಗೆ ನಡುಗುತ್ತಿತ್ತು. ಅಕ್ಟೋಬರದಲ್ಲಿ ತುಸು ಜೋರಾಗಿಯೇ ನಡುಗಿತು. ಗೋಡೆ ಸೀಳಿದೆ, ಬಂದು ನೋಡು ಎಂದು ಅಕ್ಕ ಹೇಳಿ ಕಳಿಸಿದಳು. ಅವರು ಹೋದರು. ಸೀಳು ಕಂಡಾಗ ಅದು ಏಕೆ ಬಂತೆಂದು ಅವರಿಗೆ ಹೊಳೆಯದೆ ಇರಲಿಲ್ಲ. ಆದರೂ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದು, ಅಕ್ಕ ಮಾಡಿದ ಹೋಳಿಗೆ ಉಂಡು ಬಂದರು.

1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಜನ ತಡವಾಗಿ ಮಲಗಿದ್ದರು. ಮರುದಿನ, ಗುರುವಾರ, ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ನಡುಗಿತು. ಹನ್ನೂರಿನಲ್ಲಿಯೂ ನಾಗೊಂದಿಗೆಯ ಮೇಲಿನ ಪಾತ್ರೆಗಳು ಉರುಳಿ, ಜನ ಮಕ್ಕಳನ್ನೆತ್ತಿಕೊಂಡು ಹೊರಗೆ ಓಡಿ ಬಂದರು. ಬೆಳಗಾದ ಮೇಲೆ ರೇಡಿಯೋದಲ್ಲಿ ಕಿಲ್ಲಾರಿಯ ಹೆಸರು ಬಂತು. ಗಾಯಾಳುಗಳನ್ನು ಹೊತ್ತ ವಾಹನಗಳು ಸೊಲ್ಲಾಪುರದ ಆಸ್ಪತ್ರೆಗಳ ಕಡೆಗೆ ಬರುತ್ತಿದ್ದಾಗ ಅವರು ಎದುರು ದಿಕ್ಕಿನಲ್ಲಿ ಹೊರಟರು. ಅಕ್ಕನ ಓಣಿ ಗುರುತು ಸಿಗಲಿಲ್ಲ. ಮನೆಯ ಗುರುತು ಮಾತ್ರ ಸಿಕ್ಕಿತು. ಕಲ್ಲುಗುಪ್ಪೆಯ ನಡುವೆ ನಾಲ್ಕು ಮೂಲೆಗಳು ನಿಂತಿದ್ದವು. ಅವು ಅವರು ಉದ್ದ ಕಲ್ಲು ಇಟ್ಟ ಮೂಲೆಗಳು. ಭಾವ ಮತ್ತು ಹಿರಿಯ ಮಗ ಗಣಪತಿಯ ಮಂಟಪದಲ್ಲಿಯೇ ಮಲಗಿದ್ದರಿಂದ ಉಳಿದರು. ಅಕ್ಕ ಮತ್ತು ಕಿರಿಯ ಹುಡುಗ ಉಳಿಯಲಿಲ್ಲ.

"ದೈವ ಎಂದರು ಎಲ್ಲಾರೂ. ನಾನೂ ಹೂಂ ಅಂದೆ" ಎಂದು ಮುತ್ಯಾ ಹೇಳಿದರು. ಹುಡುಗಿಯ ಪೆನ್ನು ಆಗಲೇ ನಿಂತಿತ್ತು.

ಮುಂದೆ 52 ಗ್ರಾಮಗಳನ್ನು ಹೊಸ ನೆಲೆಗಳಲ್ಲಿ ಕಟ್ಟಿದರು. ಮುತ್ಯಾ ಆ ಕೆಲಸಕ್ಕೆ ಹೋಗಿ ಎರಡು ವರ್ಷ ದುಡಿದರು. ಊರನ್ನು ಅಷ್ಟು ದೂರ ಸರಿಸಿದರೆ ಭೂಕಂಪ ಬರುವುದಿಲ್ಲವೇ ಎಂದು ಅಲ್ಲಿಯ ಎಂಜಿನಿಯರರನ್ನು ಒಮ್ಮೆ ಕೇಳಿದ್ದರು. ನೆಲ ಇಲ್ಲಿಯೂ ನಡುಗುತ್ತದೆ, ಮನೆ ಬೀಳಬಾರದು ಅಷ್ಟೆ ಎಂದು ಅವರು ಹೇಳಿದ ಉತ್ತರ ನೆನಪಿದೆ. ಕಲ್ಲಿನ ಗೋಡೆ ಒಂದೂವರೆ ಅಡಿಗಿಂತ ದಪ್ಪವಿರಬಾರದು. ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದು ಬಂಧಗಲ್ಲು ಬೇಕು. ಅಡ್ಡಗೋಡೆಯ ಆಸರೆಯಿಲ್ಲದೆ ಗೋಡೆ ಹದಿನಾರು ಅಡಿಗಿಂತ ಉದ್ದ ಹೋಗಬಾರದು. ಪಾಯಾದ ಮೇಲೆ, ಬಾಗಿಲು ಕಿಟಕಿಗಳ ಮೇಲೆ, ಛಾವಣಿಯ ಕೆಳಗೆ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಬೇಕು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಯ ಮೇಲೆ ಎರಡನೆಯ ಅಂತಸ್ತು ಸಲ್ಲದು. ಹಳೆಯ ಗೋಡೆಗಳಿಗೂ ಉಪಾಯವಿತ್ತು. ಗೋಡೆಯಲ್ಲಿ ಆರಪಾರ ರಂಧ್ರ ಮಾಡಿ, ಎರಡೂ ತುದಿ ಕೊಂಡಿಯಂತೆ ಬಾಗಿಸಿದ ಸರಳು ಇಟ್ಟು, ಕಾಂಕ್ರೀಟು ತುಂಬಬೇಕು. ಅದೂ ಬಂಧಗಲ್ಲಿನ ಕೆಲಸವನ್ನೇ ಮಾಡುತ್ತದೆ. ಎಷ್ಟೋ ಜನರ ಮನೆಗೆ ಅವರು ಅದನ್ನು ಮಾಡಿಕೊಟ್ಟರು.

"ನಮ್ಮ ಮನಿಗೆ ಯಾಕ ಮಾಡಲಿಲ್ಲ?"

ಮೊದಲು ಹಣವಿರಲಿಲ್ಲ. ಹಣ ಬಂದ ಮೇಲೆ ಬೇರೆ ತೊಡಕು. ಗಟ್ಟಿ ಗೋಡೆಗೆ ರಂಧ್ರ ಏಕೆಂದು ಮನೆಯವರು ಕೇಳುತ್ತಿದ್ದರು. ಕೇಳಿದರೆ ಹೇಳಬೇಕಾಗುತ್ತಿತ್ತು.

ಮುಂದಿನ ರವಿವಾರ ಮಗನನ್ನು ಪುಣೆಯಿಂದ ಕರೆಯಿಸಿದರು. ಮುತ್ಯಾ ನಕ್ಷೆಯನ್ನು ಮಡಚಿ ಅವನ ಕೈಗಿತ್ತು, ಪಡಸಾಲೆಯ ಗೋಡೆಯಲ್ಲಿ ಒಂದು ಕಡೆ ಗಿಲಾವು ಕೆತ್ತಿ, ಎರಡು ಕಲ್ಲು ತೆಗೆದು ಒಳಗೆ ಕೈ ಹಾಕು ಎಂದರು. ಮಗ ಹಾಕಿದ. ಮೊಳಕೈಯವರೆಗೆ ಒಣ ಮಣ್ಣು, ಚೂರುಗಲ್ಲು ಸುರಿಯಿತು. ಇದರ ಮೇಲೆ ಸ್ಲ್ಯಾಬ್ ಹೊರಿಸಿ, ಅದರ ಮೇಲೆ ಮತ್ತೆರಡು ಕೋಣೆ ಕಟ್ಟಿ, ಕೆಳಗೆ ತಾಯಿಯನ್ನು, ಮಗಳನ್ನು ಮಲಗಿಸುವುದೇ ಎಂದು ಅವರು ಕೇಳಲಿಲ್ಲ. ಅಕ್ಕನ ಮನೆಯ ಸಂಗತಿಯನ್ನು ಹೇಳಿದರು. ಮಗ ಸುರಿದ ಮಣ್ಣನ್ನು ನೋಡುತ್ತ ಕುಳಿತ. ಅವನು ಹುಟ್ಟುವ ಮೊದಲೇ ಸತ್ತ ಆ ಅತ್ತೆಯ ಪಟ ಅದೇ ಗೋಡೆಯ ಮೇಲಿತ್ತು. ಮೇಲಂತಸ್ತಿನ ಆಸೆಯನ್ನು ಅವನು ಅಂದೇ ಬಿಟ್ಟನೆನ್ನಲಾಗದು. ಸಾಲದ ಲೆಕ್ಕ, ಜಾಗದ ಲೆಕ್ಕ ಎಂದು ಎರಡು ವಾರ ಫೋನಿನಲ್ಲಿ ವಾದ ನಡೆಯಿತು. ಕೊನೆಗೆ ಒಂದು ದಾರಿ ಹೊರಟಿತು. ಹಳೆಯ ಪಡಸಾಲೆ ಉಳಿಯಲಿ, ಆದರೆ ಮಾಳಿಗೆಯ ಮಣ್ಣು ಇಳಿಸಿ ತಗಡು ಹೊದಿಸುವುದು. ಗೋಡೆಗಳಿಗೆಲ್ಲ ಬಂಧ ಹಾಕುವುದು. ಹಿತ್ತಿಲಲ್ಲಿ ಸಿಮೆಂಟು ಇಟ್ಟಿಗೆಯಿಂದ, ಮೂರೂ ಪಟ್ಟಿಗಳೊಡನೆ, ಎರಡು ಕೋಣೆ ಹೊಸದಾಗಿ ಕಟ್ಟುವುದು.

ಮಾಳಿಗೆಯಿಂದ ಇಳಿದ ಮಣ್ಣು ಟ್ರ್ಯಾಕ್ಟರುಗಟ್ಟಲೆ ಹೊಲಕ್ಕೆ ಹೋಯಿತು. ಗೋಡೆಯ ಮೇಲೆ ನಾಲ್ಕು ಅಡಿಗೊಂದರಂತೆ ಹುಡುಗಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಮುತ್ಯಾರಿಗೆ ಈಗ ಗೋಡೆ ಕೊರೆಯುವ ಕಸುವಿಲ್ಲ. ಹರೆಯದ ಗೌಂಡಿಯೊಬ್ಬ ಕೊರೆಯುತ್ತಿದ್ದ, ಅವರು ಸರಳು ಇಟ್ಟು ಕಾಂಕ್ರೀಟು ತುಂಬುತ್ತಿದ್ದರು. ದೇವರ ಮಾಡದ ಹತ್ತಿರ ಬಂದಾಗ, ಇಲ್ಲೊಂದು ಬಿಟ್ಟರೆ ನಡೆಯುತ್ತದೆ ಎಂದು ಗೌಂಡಿ ಹೇಳಿದ. ಹುಡುಗಿಯೂ ಅಜ್ಜಿಯ ಮುಖ ನೋಡಿದಳು.

"ಒಂದೂ ಬಿಡಬ್ಯಾಡ" ಎಂದರು ಮುತ್ಯಾ. ಅಜ್ಜಿ ದೇವರನ್ನೆತ್ತಿ ಮಣೆಯ ಮೇಲಿಟ್ಟರು.

ವಾಸ್ತುಶಾಂತಿಗೆ ಭಾವನನ್ನು ಕರೆತರಲು ಮುತ್ಯಾ ತಾವೇ ಹೋದರು. ಹೊಸ ನೆಲೆಯ ಊರಿನಲ್ಲಿ ಹಿರಿಯ ಮಗನ ಜೊತೆಗಿರುವ ಭಾವನಿಗೆ ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಮಂಜು. ಬಂಧ ಹಾಕಿದ ಕಡೆ ಗಿಲಾವು ಮಾಡಿಸಿರಲಿಲ್ಲ. ಗೋಡೆಯ ತುಂಬ ಕಾಂಕ್ರೀಟಿನ ಬಿಲ್ಲೆಗಳು ಕಾಣುತ್ತಿದ್ದವು. ಭಾವ ಒಂದರ ಮೇಲೆ ಕೈಯಿಟ್ಟು ಇದೇನು ಎಂದು ಕೇಳಿದರು. ಮುತ್ಯಾ ಹೇಳಿದರು. ಮುದುಕನ ಕೈ ಗೋಡೆಯ ಮೇಲೆಯೇ ಇತ್ತು.

"ನಮ್ಮ ಮನಿ ಕಟ್ಟೂವಾಗ ನಿನಗಿದು ಗೊತ್ತಿತ್ತೇನು?"

"ಗೊತ್ತಿತ್ತು ಭಾವಾ. ಸೀಳು ನೋಡಾಕ ಬಂದಾಗೂ ಗೊತ್ತಿತ್ತು."

ಪಡಸಾಲೆಯಲ್ಲಿದ್ದವರು ಮಾತು ನಿಲ್ಲಿಸಿದರು. ಭಾವ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯನ್ನು ಹತ್ತಿರ ಕರೆದು, ಮುಂದಿನದು ಎಲ್ಲಿದೆ ತೋರಿಸವ್ವಾ ಎಂದರು. ಅವಳು ಅವರ ಕೈ ಹಿಡಿದು ಗೋಡೆಯ ಪಕ್ಕದಲ್ಲಿ ನಾಲ್ಕು ಅಡಿ ನಡೆಸಿ, ಎರಡನೆಯ ಬಿಲ್ಲೆಯ ಮೇಲಿಟ್ಟಳು. ಅಲ್ಲಿಂದ ಮೂರನೆಯದಕ್ಕೆ ನಡೆಸಿದಳು.